ಮಗನಿಗೆ ಸ್ವರವಿಲ್ಲ ಎಂದರು, ಹಾಡು ಬಿಡಿಸಬೇಕೇ?

ಪ್ರಶ್ನೆ: ನನಗೆ ಇಬ್ಬರು ಮಕ್ಕಳು. ಮಗಳಿಗೆ ಹದಿನಾಲ್ಕು, ಮಗನಿಗೆ ಹನ್ನೊಂದು. ಇಬ್ಬರೂ ಮೂರು ವರ್ಷದಿಂದ ಹಿಂದೂಸ್ತಾನಿ ಗಾಯನ ಕಲಿಯುತ್ತಿದ್ದಾರೆ. ಮಗಳು ಒಮ್ಮೆ ಕೇಳಿದ್ದನ್ನು ಹಾಗೆಯೇ ಹಾಡಿಬಿಡುತ್ತಾಳೆ. ಮಗನಿಗೆ ಒಂದು ಅಲಂಕಾರ (ಸ್ವರಾಭ್ಯಾಸದ ಸರಣಿ) ಕೂಡಲು ತಿಂಗಳು ಹಿಡಿಯುತ್ತದೆ. ಆದರೂ ದಿನಾ ಬೆಳಿಗ್ಗೆ ಅಕ್ಕನ ಜೊತೆ ಮೊಬೈಲಿನ ತಂಬೂರಿ ಹಚ್ಚಿಕೊಂಡು ಒಂದು ಗಂಟೆ ಕೂರುತ್ತಾನೆ, ಅವನಿಗೆ ಯಾರೂ ಹೇಳಬೇಕಿಲ್ಲ. ತಂಬೂರಿಯ ಶ್ರುತಿ ಅಕ್ಕನ ಕಪ್ಪು ಐದಕ್ಕೇ, ಅಂದರೆ ಹಾರ್ಮೋನಿಯಂನ ಐದನೆಯ ಕಪ್ಪು ಮನೆಗೇ ಇರುತ್ತದೆ. ಕಳೆದ ತಿಂಗಳು ಅವರ ಶಿಕ್ಷಕರು ಮಗನ ಎದುರಿಗೇ, "ಇವನಿಗೆ ದೈವದತ್ತವಾದ ಸ್ವರವಿಲ್ಲ, ಎಷ್ಟು ತಿಕ್ಕಿದರೂ ಇಷ್ಟೇ, ಬೇರೆ ಏನಾದರೂ ಕಲಿಸಿ" ಎಂದರು. ಅಂದಿನಿಂದ ಅವನು ಬಾಗಿಲು ಹಾಕಿಕೊಂಡು ಹಾಡುತ್ತಾನೆ. ಹುಟ್ಟಿನಿಂದ ಬರದಿದ್ದರೆ ಪರಿಶ್ರಮದಿಂದ ಬರುವುದೇ ಇಲ್ಲವೇ? ಮಗುವಿಗೆ ಸುಮ್ಮನೆ ಆಸೆ ತೋರಿಸುತ್ತಿದ್ದೇವೆಯೇ? ಬಿಡಿಸಿಬಿಡಲೇ?
(ದಾವಣಗೆರೆಯ ಒಬ್ಬ ತಾಯಿ)

ಉತ್ತರ:

ತಾಯಿ, ಬಿಡಿಸಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹಾಗೆಂದು ಪ್ರತಿಭೆ ಎಂಬುದೇ ಇಲ್ಲ, ಎಲ್ಲವೂ ಬೆವರಿನ ಫಲ ಎಂದು ಸಮಾಧಾನ ಮಾಡಲು ಈ ಉತ್ತರ ಬರೆಯುತ್ತಿಲ್ಲ. ಪ್ರತಿಭೆ ಇದೆ. ಧಾರವಾಡದ ನಮ್ಮ ಮನೆಯ ಪಡಸಾಲೆಯಲ್ಲಿ ಮೂವತ್ತು ವರ್ಷದಿಂದ ಮಕ್ಕಳಿಗೆ ಕಲಿಸುತ್ತಿದ್ದೇನೆ, ಅದನ್ನು ಎದುರಿಗೆ ಕೂರಿಸಿಕೊಂಡು ನೋಡಿದ್ದೇನೆ. ನಿಮ್ಮ ಮಗಳಲ್ಲಿ ಅದು ಇರುವಂತೆ ಕಾಣುತ್ತದೆ. ಮಗನಲ್ಲಿ ಇಲ್ಲ ಎಂದು ತೀರ್ಮಾನಿಸಲು ಮಾತ್ರ ನಿಮ್ಮ ಪತ್ರದಲ್ಲಿ ಆಧಾರವಿಲ್ಲ. ಅದರ ಬದಲು ಇನ್ನೊಂದು ಸಂಗತಿ ಇದೆ, ನೀವು ಅದನ್ನು ಬರೀ ವಿವರವೆಂದು ಬರೆದಿದ್ದೀರಿ. ನನ್ನ ಕಣ್ಣು ಅಲ್ಲಿಯೇ ನಿಂತಿತು. ಹುಡುಗ ಮೂರು ವರ್ಷದಿಂದ ಅಕ್ಕನ ಶ್ರುತಿಯಲ್ಲಿ ಹಾಡುತ್ತಿದ್ದಾನೆ.

ಹಾರ್ಮೋನಿಯಂನ ಕಪ್ಪು ಐದು ಹದಿನಾಲ್ಕರ ಹುಡುಗಿಗೆ ಹಿಡಿಸಬಹುದು. ಹನ್ನೊಂದರ ಹುಡುಗನಿಗೆ ಅದು ಹಿಡಿಸಲೇಬೇಕೆಂದಿಲ್ಲ. ಹಿಡಿಸದ ಶ್ರುತಿಯಲ್ಲಿ ಮಗು ಹಾಡಿದಾಗ ಏನಾಗುತ್ತದೆ, ನೀವೇ ನಾಳೆ ಬೆಳಿಗ್ಗೆ ಗಮನಿಸಿ. ಪಂಚಮ (ಪ) ದಾಟುತ್ತಿದ್ದಂತೆ ಗದ್ದ ಮೇಲಕ್ಕೇಳುತ್ತದೆ, ಕತ್ತಿನ ನರ ಬಿಗಿಯುತ್ತದೆ, ಭುಜ ಕಿವಿಯ ಕಡೆಗೆ ಸರಿಯುತ್ತದೆ. ನಿಷಾದಕ್ಕೆ (ನಿ) ಬರುವಷ್ಟರಲ್ಲಿ ಉಸಿರು ಮುಗಿದಿರುತ್ತದೆ, ಮೇಲಿನ ಷಡ್ಜ (ಸಾ) ಕೂದಲೆಳೆಯಷ್ಟು ಕೆಳಗೆ ಉಳಿಯುತ್ತದೆ. ಕೇಳಿದವರು ಬೇಸುರ ಎನ್ನುತ್ತಾರೆ. ಹುಡುಗನ ಕಿವಿಗೂ ಅದು ಬೇಸುರವೆಂದು ಗೊತ್ತಾಗಿರುತ್ತದೆ, ಅವನು ಇನ್ನೂ ಜೋರಾಗಿ ದೂಡುತ್ತಾನೆ. ದೂಡಿದಷ್ಟೂ ಗಂಟಲು ಬಿಗಿಯುತ್ತದೆ. ದಿನಕ್ಕೊಂದು ಗಂಟೆಯಂತೆ ಮೂರು ವರ್ಷ ಎಂದರೆ ಸುಮಾರು ಸಾವಿರ ಗಂಟೆ. ಆ ಸಾವಿರ ಗಂಟೆಯಲ್ಲಿ ಅವನು ಕಲಿತದ್ದರಲ್ಲಿ ದೊಡ್ಡ ಪಾಲು ಗಂಟಲು ಬಿಗಿಯುವುದನ್ನೇ ಇರಬಹುದು ಎಂಬುದು ನನ್ನ ಅನುಮಾನ.

ಅವನ ಶ್ರುತಿ ಹುಡುಕುವುದು ಕಷ್ಟವಲ್ಲ. ಬೆಳಿಗ್ಗೆ ಗಂಟಲು ತಿಳಿಯಾದ ಮೇಲೆ, ಹಾರ್ಮೋನಿಯಂ ಹಿಡಿದು, ಅವನು ಒತ್ತಡವಿಲ್ಲದೆ ಇಳಿಯಬಲ್ಲ ಅತ್ಯಂತ ಕೆಳಗಿನ ಸ್ವರ ಯಾವುದು ನೋಡಿ. ಬರೀ ಗಾಳಿಯಾಗಬಾರದು, ದನಿ ಇರಬೇಕು. ಅದನ್ನು ಮಂದ್ರದ, ಅಂದರೆ ಕೆಳಗಿನ ಸಪ್ತಕದ ಪಂಚಮವೆಂದು ಇಟ್ಟುಕೊಂಡು ಅಲ್ಲಿಂದ ಷಡ್ಜ ಎಲ್ಲಿ ಬರುತ್ತದೆ ಎಣಿಸಿ. ಅದು ಅವನ ಮನೆ. ಕಪ್ಪು ಮೂರಕ್ಕೆ ಬಂದರೂ ಆಶ್ಚರ್ಯವಿಲ್ಲ. ಗಂಡು ಹುಡುಗ ಅಷ್ಟು ಕೆಳಗೆ ಹಾಡಬಾರದು, ಮೇಲೆ ಹಾಡಬಾರದು ಎಂಬ ಮಾತುಗಳಿಗೆ ಕಿವಿಗೊಡಬೇಡಿ. ಶ್ರುತಿಯಲ್ಲಿ ಮಾನ ಅವಮಾನದ ಪ್ರಶ್ನೆಯಿಲ್ಲ.

ಎರಡನೆಯದಾಗಿ, ತೊಂದರೆ ಕಿವಿಯಲ್ಲಿದೆಯೋ ಕಂಠದಲ್ಲಿದೆಯೋ ಎಂದು ನೋಡಬೇಕು. ಇವೆರಡನ್ನೂ ಒಂದೇ ಚೀಲಕ್ಕೆ ತುಂಬಿ "ಸ್ವರವಿಲ್ಲ" ಎಂದು ಹೇಳುವವರು ನಮ್ಮಲ್ಲಿ ಬಹಳ. ಅವನಿಗೆ ಚೆನ್ನಾಗಿ ಗೊತ್ತಿರುವ ಒಂದು ಹಾಡನ್ನು ನಿಮ್ಮ ಮಗಳು ಹಾಡಲಿ, ನಡುವೆ ಬೇಕೆಂದೇ ಒಂದು ಸ್ವರ ತಪ್ಪಿಸಲಿ. ಹುಡುಗನ ಮುಖ ನೋಡಿ. ಹುಬ್ಬು ಗಂಟಿಕ್ಕಿದರೆ, "ಅಕ್ಕಾ, ಅದು ಹಾಗಲ್ಲ" ಎಂದರೆ ಕಿವಿ ಸರಿಯಾಗಿದೆ ಎಂದರ್ಥ. ಕೇಳಿದ್ದನ್ನು ಗಂಟಲಿಗೆ ತಲುಪಿಸುವ ದಾರಿ ಮಾತ್ರ ಇನ್ನೂ ಸವೆದಿಲ್ಲ, ಅದು ನಡೆದು ನಡೆದೇ ಸವೆಯಬೇಕು. ತಪ್ಪು ಸ್ವರಕ್ಕೂ ಸರಿ ಸ್ವರಕ್ಕೂ ವ್ಯತ್ಯಾಸವೇ ತಿಳಿಯದ ಜನ ಇದ್ದಾರೆ, ಅದು ಹುಟ್ಟಿನಿಂದ ಬರುವ ಒಂದು ಕೊರತೆ. ಅಂಥವರು ನೂರಕ್ಕೆ ಕೆಲವರು ಮಾತ್ರ, ಅವರಿಗೆ ಸಾಮಾನ್ಯವಾಗಿ ಹಾಡು ಕೇಳುವುದರಲ್ಲೇ ರುಚಿ ಇರುವುದಿಲ್ಲ. ಬಾಗಿಲು ಹಾಕಿಕೊಂಡಾದರೂ ಹಾಡುವ ಹುಡುಗ ಆ ಗುಂಪಿನವನಲ್ಲ ಎಂದು ಧೈರ್ಯವಾಗಿ ಬರೆಯುತ್ತಿದ್ದೇನೆ. ಪದೇ ಪದೇ ನೆಗಡಿ, ಕಿವಿನೋವು ಬರುವ ಮಗುವಾದರೆ ಒಮ್ಮೆ ಕಿವಿ ಮೂಗಿನ ವೈದ್ಯರಿಗೆ ತೋರಿಸಿ. ಕಿವಿ ತಮಟೆಯ ಹಿಂದೆ ನೀರು ತುಂಬಿಕೊಂಡು ಮಂದ ಕೇಳಿಸುವುದು ಮಕ್ಕಳಲ್ಲಿ ಸಾಮಾನ್ಯ.

ಈಗ ನಿಮ್ಮ ದೊಡ್ಡ ಪ್ರಶ್ನೆಗೆ ಬರುತ್ತೇನೆ. ನಮ್ಮ ಭಾಷೆಯೇ ಇದರಲ್ಲಿ ಎರಡು ಕಡೆ ಮಾತಾಡುತ್ತದೆ. ಬೆಳೆಯುವ ಸಿರಿ ಮೊಳಕೆಯಲ್ಲೇ ಕಾಣುತ್ತದೆ ಎನ್ನುವವರೂ ನಾವೇ, ಸಾಧಿಸಿದರೆ ಸಬಳ ನುಂಗಬಹುದು ಎನ್ನುವವರೂ ನಾವೇ. ನಮ್ಮ ಊರಿಗೆ ಬಂದವರು ಇನ್ನೊಂದು ಮಾತು ಹೇಳುತ್ತಾರೆ, ಧಾರವಾಡದ ನೀರಿನಲ್ಲೇ ಸಂಗೀತವಿದೆ ಎಂದು. ಪ್ರೀತಿಯಿಂದ ಹೇಳುವ ಮಾತು, ಆದರೆ ನನಗೆ ಅದು ಒಪ್ಪಿಗೆಯಿಲ್ಲ. ಮಲ್ಲಿಕಾರ್ಜುನ ಮನ್ಸೂರ್, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ, ಬಸವರಾಜ ರಾಜಗುರು ಇವರೆಲ್ಲ ಇಷ್ಟು ಸಣ್ಣ ಸೀಮೆಯಿಂದ ಬಂದದ್ದು ನೀರಿನಿಂದಲ್ಲ. ಮೈಸೂರು ಅರಮನೆಗೆ ಹೋಗಿಬರುವ ಉಸ್ತಾದರು ದಾರಿಯಲ್ಲಿ ಇಲ್ಲಿ ಇಳಿಯುತ್ತಿದ್ದರು. ಕಿರಾಣಾ ಘರಾಣೆ ಎಂಬ ಗಾಯನ ಪರಂಪರೆಯ ಅಬ್ದುಲ್ ಕರೀಂ ಖಾನರು ಹೀಗೆ ಬಂದು ಇಲ್ಲಿ ಶಿಷ್ಯರನ್ನು ಮಾಡಿದರು. ಭಾಸ್ಕರಬುವಾ ಬಖಲೆಯವರು ಧಾರವಾಡದಲ್ಲಿ ಇದ್ದು ಕಲಿಸಿದರು. ನಾಟಕ ಕಂಪನಿಗಳು ಊರೂರಿಗೆ ರಾಗಗಳನ್ನು ಹೊತ್ತು ತಂದವು. ಮಠಗಳು ಅನ್ನವಿಟ್ಟು ಹಾಡುವವರನ್ನು ಸಾಕಿದವು. ಕಲಿಸುವವರು ನಡೆದು ಹೋಗುವಷ್ಟು ದೂರದಲ್ಲಿ ಇದ್ದರು, ಇಷ್ಟೇ ವ್ಯತ್ಯಾಸ. ಹೊರಗಿನವರ ಕಣ್ಣಿಗೆ ಅದು ಹುಟ್ಟುಗುಣದಂತೆ ಕಂಡಿತು.

ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೋಡಿ. ಸ್ವತಃ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಅಂಧರೇ ಆಗಿದ್ದ ಪುಟ್ಟರಾಜ ಗವಾಯಿಗಳು ಮಕ್ಕಳನ್ನು ಸೇರಿಸಿಕೊಂಡದ್ದು ಕಂಠ ಪರೀಕ್ಷೆ ಮಾಡಿ ಅಲ್ಲ. ಕಣ್ಣಿಲ್ಲದವರು, ಬಡವರು, ದಿಕ್ಕಿಲ್ಲದವರು ಎಂದು ಸೇರಿಸಿಕೊಂಡರು. ಅಲ್ಲಿಂದ ಗಾಯಕರು, ತಬಲಾ ವಾದಕರು, ಹಾರ್ಮೋನಿಯಂ ವಾದಕರು, ಶಾಲೆಯ ಸಂಗೀತ ಶಿಕ್ಷಕರು, ಕೀರ್ತನಕಾರರು ನಾಡಿನ ತುಂಬ ಹೋದರು. ಎಲ್ಲರೂ ಮಹಾನ್ ಗಾಯಕರಾಗಲಿಲ್ಲ. ಆದರೆ "ಇವನಿಗೆ ಸ್ವರವಿಲ್ಲ" ಎಂದು ಬಾಗಿಲಲ್ಲೇ ಹೇಳಿದ್ದರೆ ಅವರಲ್ಲಿ ಎಷ್ಟು ಜನ ಬೀದಿಯಲ್ಲಿ ಉಳಿಯುತ್ತಿದ್ದರು ಎಂದು ನೆನೆದರೆ ನನಗೆ ಎದೆ ಭಾರವಾಗುತ್ತದೆ.

ನಿಮ್ಮ ಮಗನಿಗೆ ಹೇಳಬೇಕಾದ ಕಥೆ ಸವಾಯಿ ಗಂಧರ್ವರದು. ಅವರ ಮೂಲ ಹೆಸರು ಕುಂದಗೋಳದ ರಾಮಭಾವು ಕುಂದಗೋಳಕರ, ಹುಟ್ಟಿದ್ದು 1886ರಲ್ಲಿ. ಬಾಲ್ಯದಲ್ಲಿ ಇಂಪಾದ ದನಿ. ಹರೆಯ ಬಂದಾಗ ಗಂಟಲು ಒಡೆಯಿತು, ಒಡೆದ ಗಂಟಲು ಮತ್ತೆ ಮೊದಲಿನಂತಾಗಲಿಲ್ಲ. ಒರಟಾಯಿತು, ಬಾಗಿದ ಕಡೆ ಬಾಗದಾಯಿತು. ಅಬ್ದುಲ್ ಕರೀಂ ಖಾನರು ಶಿಷ್ಯನನ್ನಾಗಿ ತೆಗೆದುಕೊಳ್ಳುವಾಗ ಎಂಟು ವರ್ಷ ತಮ್ಮಲ್ಲೇ ಇದ್ದು ಕಲಿಯಬೇಕೆಂಬ ಕರಾರು ಹಾಕಿದರೆಂದು ಪ್ರತೀತಿ. ಆ ಬಗ್ಗದ ಕಂಠವನ್ನು ರಾಮಭಾವು ಪಲಟಾಗಳಿಂದ (ಸ್ವರಗಳನ್ನು ತಿರುಗಿಸಿ ಹಾಡುವ ಅಭ್ಯಾಸಗಳಿಂದ) ದಿನದಿನ ಹದ ಮಾಡಿ ಹಾಡುವಂತೆ ಮಾಡಿಕೊಂಡರು. ಕಛೇರಿಯಲ್ಲಿಯೂ ಅವರ ಗಂಟಲು ತೆರೆದುಕೊಳ್ಳಲು ಹೊತ್ತು ಹಿಡಿಯುತ್ತಿತ್ತು, ಒಮ್ಮೆ ತೆರೆದ ಮೇಲೆ ಜನ ಏಳುತ್ತಿರಲಿಲ್ಲ ಎಂದು ಹಿರಿಯರು ಹೇಳುತ್ತಿದ್ದರು. ಭೀಮಸೇನ ಜೋಶಿಯವರಿಗೂ ಗಂಗೂಬಾಯಿಯವರಿಗೂ ಕಲಿಸಿದವರು ಇವರೇ. ಅವರು ಶಿಷ್ಯರಿಗೆ ಒಂದೇ ಸ್ವರಗುಚ್ಛವನ್ನು ಅಷ್ಟು ತಾಳ್ಮೆಯಿಂದ ತಿದ್ದಲು ಕಾರಣ, ತಮ್ಮ ಗಂಟಲಿನಲ್ಲಿ ಅದೇ ಗುಚ್ಛ ಎಲ್ಲಿ ಎಡವಿತ್ತು ಎಂದು ಅವರಿಗೆ ಗೊತ್ತಿದ್ದದ್ದೇ ಇರಬೇಕೆಂದು ನನಗೆ ಅನಿಸುತ್ತದೆ. ಸಲೀಸಾಗಿ ಬಂದವರಿಗೆ ಅದು ಹೇಗೆ ಬಂತೆಂದು ಹೇಳಲು ಎಷ್ಟೋ ಸಲ ಆಗುವುದಿಲ್ಲ.

ಗಂಗೂಬಾಯಿಯವರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಪಾಠ ಹೇಳಿಸಿಕೊಂಡು ಬರುತ್ತಿದ್ದರು. ಅವರ ಎಳೆಯ ವಯಸ್ಸಿನ ಧ್ವನಿಮುದ್ರಿಕೆ ಕೇಳಿದರೆ ಬೇರೆಯೇ ಒಬ್ಬರು ಹಾಡುತ್ತಿದ್ದಾರೆ ಎನಿಸುತ್ತದೆ, ಅಷ್ಟು ತೆಳು, ಅಷ್ಟು ಎತ್ತರ. ಗಂಟಲಿನ ತೊಂದರೆಗೆ ಚಿಕಿತ್ಸೆಯಾದ ಮೇಲೆ ದನಿ ದಪ್ಪವಾಯಿತು, ಕೆಳಗಿಳಿಯಿತು. ಹೆಣ್ಣಿನ ದನಿಯೇ ಅಲ್ಲ ಎಂದು ಜನ ಆಡಿಕೊಳ್ಳಬಹುದಾದಷ್ಟು ಬದಲಾಯಿತು. ಹುಟ್ಟಿನಿಂದ ಬಂದ ಕಂಠವನ್ನೇ ಆಸ್ತಿ ಎಂದುಕೊಂಡಿದ್ದರೆ ಅಲ್ಲಿಗೆ ಮುಗಿಯಬೇಕಿತ್ತು. ಆ ಹೊಸ ಕಂಠದಲ್ಲೇ ಅವರು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಾಡಿದರು, 2002ರಲ್ಲಿ ಪದ್ಮವಿಭೂಷಣವೂ ಬಂತು.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಅರ್ಧ ಸತ್ಯವಾಗುತ್ತದೆ. ಕುಮಾರ ಗಂಧರ್ವರೂ ನಮ್ಮವರೇ. 1924ರಲ್ಲಿ ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ ಹುಟ್ಟಿದ ಶಿವಪುತ್ರ ಎಂಬ ಹುಡುಗ ಏಳೆಂಟು ವರ್ಷದವನಿದ್ದಾಗ ದೊಡ್ಡ ದೊಡ್ಡ ಉಸ್ತಾದರ ಗ್ರಾಮಫೋನ್ ತಟ್ಟೆಗಳನ್ನು ಕೇಳಿ ಅವರ ತಾನ (ವೇಗದ ಸ್ವರಮಾಲೆ), ಮುರಕಿಗಳ (ಸಣ್ಣ ಸ್ವರದ ತಿರುವು) ಸಮೇತ ಹಾಗೆಯೇ ಒಪ್ಪಿಸುತ್ತಿದ್ದ. ಇದನ್ನು ಯಾವ ರಿಯಾಜ್ (ಅಭ್ಯಾಸ) ಲೆಕ್ಕದಲ್ಲೂ ಹಾಕಲು ಬರುವುದಿಲ್ಲ. ಯಾರೂ ಅವನಿಗೆ ಹಾಗೆ ಕಲಿಸಿರಲಿಲ್ಲ. ಇಂಥದ್ದಕ್ಕೆ ದೈವದತ್ತ ಎನ್ನದೆ ಬೇರೆ ಮಾತಿಲ್ಲ, ನಾನೂ ಹಾಗೆಯೇ ಅನ್ನುತ್ತೇನೆ. ಆದರೆ ಅದೇ ಹುಡುಗ 1936ರಲ್ಲಿ ಮುಂಬಯಿಗೆ ಹೋಗಿ ಬಿ. ಆರ್. ದೇವಧರ ಅವರ ಎದುರು ಶಿಷ್ಯನಾಗಿ ಕೂತ. ಊರೆಲ್ಲ ಹೊತ್ತು ಮೆರೆಸುತ್ತಿದ್ದ ಮಗು, ಹನ್ನೆರಡನೆಯ ವಯಸ್ಸಿಗೆ ಮತ್ತೆ ಮೊದಲಿನಿಂದ ಶುರು ಮಾಡಿತು. ಬೇರೆಯವರಂತೆ ಹಾಡುವುದು ಹುಟ್ಟಿನಿಂದ ಬಂದಿತ್ತು, ತನ್ನದನ್ನು ಹಾಡುವುದು ಬಂದಿರಲಿಲ್ಲ. ಮುಂದೆ ಕ್ಷಯರೋಗ ಬಂದು ದೇವಾಸದಲ್ಲಿ ವರ್ಷಗಟ್ಟಲೆ ಹಾಸಿಗೆ ಹಿಡಿದರು, ಹಾಡಲೇಬಾರದೆಂದು ವೈದ್ಯರು ಹೇಳಿದರು, ಒಂದು ಶ್ವಾಸಕೋಶ ಕೆಲಸಕ್ಕೆ ಬಾರದಾಯಿತು. ಐವತ್ತರ ದಶಕದ ಮೊದಲಲ್ಲಿ ಮತ್ತೆ ಹಾಡಲು ಎದ್ದಾಗ ಉದ್ದ ಉಸಿರಿರಲಿಲ್ಲ. ಸಣ್ಣ ಸಣ್ಣ ತುಣುಕುಗಳಲ್ಲಿ, ನಡುವೆ ಮೌನ ಬಿಟ್ಟು ಹಾಡುವ ಅವರ ಶೈಲಿಯನ್ನು ಇಂದು ನಾವು ಬೆರಗಿನಿಂದ ಕೇಳುತ್ತೇವೆ.

ನೀವು ಎಲ್ಲೋ ಓದಿರಬಹುದು, ಯಾವ ವಿದ್ಯೆಯಾದರೂ ಹತ್ತು ಸಾವಿರ ಗಂಟೆ ಮಾಡಿದರೆ ಸಿದ್ಧಿಸುತ್ತದೆ ಎಂದು. ಈ ಮಾತನ್ನು ಹಿಡಿದು ಮಕ್ಕಳನ್ನು ಹಿಂಡುವ ಪೋಷಕರನ್ನು ಕಂಡಿದ್ದೇನೆ, ಆದ್ದರಿಂದ ಇದರ ಮೂಲ ಹೇಳುತ್ತೇನೆ. ಆಂಡರ್ಸ್ ಎರಿಕ್ಸನ್ ಎಂಬ ಮನೋವಿಜ್ಞಾನಿ ಮತ್ತು ಸಂಗಡಿಗರು ಬರ್ಲಿನ್ನಿನ ಸಂಗೀತ ವಿದ್ಯಾಲಯದ ಪಿಟೀಲು ವಿದ್ಯಾರ್ಥಿಗಳನ್ನು ಅಧ್ಯಯನ ಮಾಡಿ 1993ರಲ್ಲಿ ಪ್ರಕಟಿಸಿದರು. ಅತ್ಯುತ್ತಮರ ಗುಂಪಿನಲ್ಲಿದ್ದವರು ಇಪ್ಪತ್ತನೆಯ ವಯಸ್ಸಿನ ಹೊತ್ತಿಗೆ ಒಬ್ಬರೇ ಕೂತು ಮಾಡಿದ ಅಭ್ಯಾಸ ಸರಾಸರಿ ಹತ್ತು ಸಾವಿರ ಗಂಟೆ ದಾಟಿತ್ತು. ಅದು ಸರಾಸರಿ ಮಾತ್ರ, ಆ ಗುಂಪಿನಲ್ಲೇ ಅನೇಕರು ಅಷ್ಟು ಮಾಡಿರಲಿಲ್ಲ. ಹೀಗಿದ್ದೂ ಆಮೇಲೆ ಅದು ಮಂತ್ರವಾಗಿಬಿಟ್ಟಿತು. ಮಂತ್ರವಾದಾಗ ಅವರ ಮಾತಿನ ಜೀವಾಳವೇ ಉದುರಿಹೋಯಿತು. ಅವರು ಹೇಳಿದ್ದು ಬರೀ ಗಂಟೆಗಳ ಲೆಕ್ಕವನ್ನಲ್ಲ. ಒಬ್ಬ ಗುರು ನೋಡಿ, ಇಲ್ಲಿ ತಪ್ಪುತ್ತಿದೆ ಎಂದು ಬೊಟ್ಟು ಮಾಡಿ, ಅದನ್ನೇ ತಿದ್ದಲು ಕೊಟ್ಟ ಅಭ್ಯಾಸದ ಬಗ್ಗೆ ಅವರು ಬರೆದಿದ್ದರು.

2014ರಲ್ಲಿ ಇಂಥ ಅನೇಕ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ಲೆಕ್ಕ ಹಾಕಿದವರಿಗೆ, ಸಂಗೀತದಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಇರುವ ವ್ಯತ್ಯಾಸದಲ್ಲಿ ಅಭ್ಯಾಸದ ಪಾಲು ಶೇಕಡ 21 ಎಂದು ಕಂಡಿತು. ಅದೇ ವರ್ಷ ಸ್ವೀಡನ್ನಿನ ಹತ್ತು ಸಾವಿರಕ್ಕೂ ಹೆಚ್ಚು ಅವಳಿಗಳ ಅಧ್ಯಯನವೂ ಬಂತು. ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲಿ ಹೆಚ್ಚು ಅಭ್ಯಾಸ ಮಾಡಿದವರು ಸ್ವರ, ಲಯಗಳ ಭೇದ ಗುರುತಿಸುವ ಪರೀಕ್ಷೆಯಲ್ಲಿ ಇನ್ನೊಬ್ಬರಿಗಿಂತ ಮುಂದೆ ಹೋಗಿರಲಿಲ್ಲ. ಓದಿದಾಗ ನನಗೆ ಬೇಸರವಾಯಿತು, ನನ್ನ ಅನುಭವಕ್ಕೂ ಅದು ಪೂರ್ತಿ ಹೊಂದುವುದಿಲ್ಲ. ಅವರು ಎಣಿಸಿದ್ದು ಗಂಟೆಗಳನ್ನು, ಆ ಗಂಟೆಗಳಲ್ಲಿ ತಿದ್ದುವವರು ಯಾರಾದರೂ ಇದ್ದರೇ ಎಂಬುದನ್ನಲ್ಲ ಎಂದು ನನ್ನ ಗ್ರಹಿಕೆ. ಆದರೆ ಅದೇ ಅಧ್ಯಯನದ ಇನ್ನೊಂದು ಮಾತು ನನ್ನ ಮನಸ್ಸಿನಲ್ಲಿ ನಿಂತಿದೆ. ದಿನಾ ಅಭ್ಯಾಸಕ್ಕೆ ಕೂರುವ ಒಲವೂ ಬಹುಮಟ್ಟಿಗೆ ಹುಟ್ಟಿನಿಂದಲೇ ಬರುತ್ತದಂತೆ. ಹಾಗಾದರೆ ನಿಮ್ಮ ಮಗ, ಹನ್ನೊಂದನೆಯ ವಯಸ್ಸಿಗೆ, ಯಾರೂ ಎಬ್ಬಿಸದೆ ಎದ್ದು, ಬರದ ವಿದ್ಯೆಯ ಮುಂದೆ ಮೂರು ವರ್ಷದಿಂದ ದಿನಕ್ಕೊಂದು ಗಂಟೆ ಕೂರುತ್ತಿರುವುದು ಏನು? ನನ್ನ ಹತ್ತಿರ ಬಂದ ನೂರಾರು ಮಕ್ಕಳಲ್ಲಿ ಇದನ್ನು ಬೆರಳೆಣಿಕೆಯಷ್ಟು ಜನರಲ್ಲಿ ಕಂಡಿದ್ದೇನೆ. ಥಟ್ಟನೆ ಹಾಡನ್ನು ಹಿಡಿಯುವವರು ಇದಕ್ಕಿಂತ ಹೆಚ್ಚು ಸಿಗುತ್ತಾರೆ.

ದೈವದತ್ತ ಎಂದು ಎಲ್ಲರೂ ನಂಬಿದ್ದ ಇನ್ನೊಂದು ಶಕ್ತಿ ಇದೆ. ಯಾವ ಸ್ವರ ಬಾರಿಸಿದರೂ ಹೋಲಿಕೆಗೆ ಇನ್ನೊಂದು ಸ್ವರ ಬೇಡದೆ ಅದರ ಹೆಸರು ಹೇಳುವುದು. ಜಪಾನಿನಲ್ಲಿ ಎರಡರಿಂದ ಆರು ವರ್ಷದೊಳಗಿನ 24 ಮಕ್ಕಳಿಗೆ ಪಿಯಾನೋದ ಸ್ವರಮೇಳಗಳನ್ನು ದಿನವೂ ಕೇಳಿಸಿ ಗುರುತಿಸುವ ತರಬೇತಿ ಕೊಟ್ಟರು. ಇಬ್ಬರು ನಡುವೆ ಬಿಟ್ಟರು. ಉಳಿದ 22 ಮಕ್ಕಳಿಗೂ ಅದು ಬಂತು. ಎಳೆಯ ಕಿವಿಗೆ ಸರಿಯಾದುದನ್ನು ಸರಿಯಾದ ಕ್ರಮದಲ್ಲಿ ಕೊಟ್ಟಾಗ ಏನಾಗಬಹುದೆಂದು ಇದು ತೋರಿಸುತ್ತದೆ.

ಹಾಗಾಗಿ ನಿಮ್ಮ ಪ್ರಶ್ನೆಯಲ್ಲಿ ಎರಡೇ ಪದಗಳಿವೆ, ಪ್ರತಿಭೆ ಮತ್ತು ಪರಿಶ್ರಮ. ನಮ್ಮ ಸಂಗೀತಗಾರರ ಬಾಯಲ್ಲಿ ಮೂರನೆಯದೊಂದು ಇದೆ, ತಾಲೀಮು. ರಿಯಾಜ್ ಶಿಷ್ಯ ಒಬ್ಬನೇ ಮಾಡುವುದು, ತಾಲೀಮು ಗುರು ಎದುರಿಗೆ ಕೂತು ಕೊಡುವುದು. ತಾಲೀಮಿಲ್ಲದ ರಿಯಾಜ್ ತಪ್ಪನ್ನೇ ಗಟ್ಟಿ ಮಾಡುತ್ತದೆ. ಕಿರಾಣಾದ ನಮ್ಮ ಈ ಪರಂಪರೆಯಲ್ಲಿ ಬೆಳಿಗ್ಗೆ ತೋಡಿ ರಾಗ, ಮಧ್ಯಾಹ್ನ ಮುಲ್ತಾನಿ, ಸಂಜೆ ಪೂರಿಯಾ, ವರ್ಷಗಟ್ಟಲೆ ಇವಿಷ್ಟನ್ನೇ ಹಾಡಿಸುತ್ತಿದ್ದರು. ಹೊರಗಿನಿಂದ ನೋಡಿದರೆ ಬರೀ ತಿಕ್ಕುವ ಕೆಲಸ. ಒಳಗೆ ಹೋದರೆ ಬೇರೆ. ತೋಡಿಗೂ ಮುಲ್ತಾನಿಗೂ ಸ್ವರಗಳು ಅವೇ: ಕೋಮಲ ರಿಷಭ, ಕೋಮಲ ಗಂಧಾರ, ತೀವ್ರ ಮಧ್ಯಮ, ಕೋಮಲ ಧೈವತ, ಶುದ್ಧ ನಿಷಾದ. ಆದರೆ ಮುಲ್ತಾನಿ ಏರುವಾಗ ರಿಷಭ ಧೈವತಗಳನ್ನು ಬಿಟ್ಟು ಏರುತ್ತದೆ, ಇಳಿಯುವಾಗ ಅವನ್ನು ಸ್ಪರ್ಶಿಸಿ ಹೋಗುತ್ತದೆ. ತೋಡಿ ಅದೇ ರಿಷಭ ಧೈವತಗಳ ಮೇಲೆ ಕೂತು ಉಸಿರಾಡುತ್ತದೆ. ಗಂಧಾರವೂ ಎರಡರಲ್ಲಿ ಒಂದೇ ಎತ್ತರದಲ್ಲಿಲ್ಲ. ಇದನ್ನು ಹಾರ್ಮೋನಿಯಂ ತೋರಿಸಲಾರದು, ಮೊಬೈಲ್ ತೋರಿಸಲಾರದು. ಗುರು "ಊಹೂಂ" ಎಂದು ತಲೆಯಾಡಿಸಬೇಕು, ಮತ್ತೊಮ್ಮೆ "ಊಹೂಂ" ಎನ್ನಬೇಕು, ನೂರನೆಯ ಸಲ ಸುಮ್ಮನಾಗಬೇಕು. ಆ ಸುಮ್ಮನಾದದ್ದೇ ಪಾಠ.

ಮಲ್ಲಿಕಾರ್ಜುನ ಮನ್ಸೂರರು ಮೂವತ್ತರ ದಶಕದಲ್ಲಿ ಜಯಪುರ ಘರಾಣೆಯ ಮಂಜಿ ಖಾನರ ಬಳಿ ಹೋದಾಗ ಅವರಿಗೆ ಆಗಲೇ ಹೆಸರಿತ್ತು, ಗ್ರಾಮಫೋನ್ ತಟ್ಟೆಗಳಾಗಿದ್ದವು. ಮಂಜಿ ಖಾನರು 1937ರಲ್ಲಿ ತೀರಿಕೊಂಡ ಮೇಲೆ ಅವರ ತಮ್ಮ ಬುರ್ಜಿ ಖಾನರಲ್ಲಿ ಮುಂದುವರಿಸಿದರು. ಹೆಸರು ಬಂದ ಮೇಲೂ ತಿದ್ದುವವರನ್ನು ಹುಡುಕಿಕೊಂಡು ಹೋದರು.

ನನ್ನಲ್ಲಿ ಕಲಿತ ಇಬ್ಬರ ಬಗ್ಗೆ ಹೇಳುತ್ತೇನೆ, ಹೆಸರು ಬೇಡ. ಒಬ್ಬಳು ನಿಮ್ಮ ಮಗಳಂತೆ, ಗಾಳಿಯಲ್ಲಿ ಹೋಗುವ ಸ್ವರವನ್ನೂ ಹಿಡಿದುಬಿಡುತ್ತಿದ್ದಳು. ಈಗ ಕಛೇರಿ ಮಾಡುತ್ತಾಳೆ, ಚೆನ್ನಾಗಿ ಹಾಡುತ್ತಾಳೆ. ಇನ್ನೊಬ್ಬನಿಗೆ ಶುದ್ಧ ಗಂಧಾರವೊಂದು ಸ್ಥಿರವಾಗಲು ಹದಿನಾಲ್ಕು ತಿಂಗಳು ಬೇಕಾಯಿತು. ಒಂದು ಸಂಜೆ ದಣಿದು, "ನಿನ್ನ ಕಂಠ ಹಾಡಿಗಲ್ಲ ಮಗನೇ" ಎಂದುಬಿಟ್ಟೆ. ಇಂದಿಗೂ ಆ ಮಾತು ನನ್ನನ್ನು ಚುಚ್ಚುತ್ತದೆ. ಅವನು ಮರುದಿನ ಬಂದ, ಏನೂ ಹೇಳಲಿಲ್ಲ, ತಂಬೂರಿಯ ಮುಂದೆ ಕೂತ. ಖರಜದ, ಅಂದರೆ ಕೆಳಗಿನ ಷಡ್ಜದ ತಂತಿ ಸರಿಯಾಗಿ ಕೂಡಿದಾಗ ಅದರೊಳಗಿಂದ ಗಂಧಾರ ತಾನಾಗಿ ಕೇಳಿಸುತ್ತದೆ, ಅದನ್ನು ಯಾರೂ ಮೀಟಿರುವುದಿಲ್ಲ. ಅದು ಕೇಳಿಸುವ ತನಕ ಬಾಯಿ ತೆರೆಯಬೇಡ ಎಂದು ಹೇಳಿದ್ದೆ. ಐದು ನಿಮಿಷ, ಹತ್ತು ನಿಮಿಷ, ಕೆಲವು ದಿನ ಪಾಠವೆಲ್ಲ ಅದರಲ್ಲೇ ಮುಗಿಯುತ್ತಿತ್ತು. ಇಂದು ಅವನು ಒಂದು ಬ್ಯಾಂಕಿನಲ್ಲಿ ನೌಕರ. ವೇದಿಕೆ ಹತ್ತುವುದಿಲ್ಲ. ಅವನಿಗೆ ವೇಗದ ತಾನ ಕೊನೆಗೂ ಬರಲಿಲ್ಲ, ಇದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ಆದರೆ ನಮ್ಮಲ್ಲಿ ಕಛೇರಿಯಿದ್ದಾಗ ಜೋಡಿ ತಂಬೂರಿ ಕೂಡಿಸಲು ನಾನು ಕರೆಯುವುದು ಅವನನ್ನು. ಬಿರಡೆ ತಿರುಗಿಸಿ, ಮಣಿ ಸರಿಸಿ, ತಂತಿಗಳು ಹಾದುಹೋಗುವ ಕುದುರೆಯ ಮೇಲೆ ಜವಾರಿಯ (ನಾದದ ಝೇಂಕಾರದ) ದಾರವನ್ನು ಉಗುರಿನಲ್ಲಿ ಕೂದಲೆಳೆಯಷ್ಟು ಹಿಂದೆ ಮುಂದೆ ಮಾಡಿ ಅವನು ಕೈ ತೆಗೆದನೆಂದರೆ ಕೋಣೆಯ ಗೋಡೆಯೇ ಶ್ರುತಿಯಲ್ಲಿ ನಿಂತಂತಾಗುತ್ತದೆ. ಆ ಸಲೀಸಾಗಿ ಹಾಡುವ ಶಿಷ್ಯೆಯೂ ಅವನಿಲ್ಲದೆ ವೇದಿಕೆಗೆ ಹೋಗಲು ಹಿಂಜರಿಯುತ್ತಾಳೆ. ಹದಿನಾಲ್ಕು ತಿಂಗಳು ಒಂದು ಸ್ವರ ಹುಡುಕಿದವನ ಕಿವಿ ಅದು.

ನಿಮ್ಮ ಮಗ ದೊಡ್ಡ ಗಾಯಕನಾಗುತ್ತಾನೆಯೇ ಎಂದರೆ ನಾನು ಹೌದು ಎನ್ನುವುದಿಲ್ಲ, ಅಲ್ಲ ಎಂದೂ ಅನ್ನುವುದಿಲ್ಲ. ಹನ್ನೊಂದನೆಯ ವಯಸ್ಸಿನಲ್ಲಿ ಅದನ್ನು ಯಾರೂ ಹೇಳಲಾರರು. ಹೇಳಿದವರು ತಮ್ಮ ದಣಿವನ್ನು ಹೇಳುತ್ತಿರುತ್ತಾರೆ, ನಾನು ಅಂದು ಮಾಡಿದಂತೆ. ನಿಮ್ಮ ಶಿಕ್ಷಕರನ್ನು ಒಮ್ಮೆ ಮಗನಿಲ್ಲದಾಗ ಭೇಟಿಯಾಗಿ ವಿನಯದಿಂದ ಕೇಳಿ: ಅವನಿಗೆ ಬೇರೆ ಶ್ರುತಿ ಇಟ್ಟು ಮೂರು ತಿಂಗಳು ನೋಡುತ್ತೀರಾ? ಒಪ್ಪಿದರೆ ಒಳ್ಳೆಯದು. ಒಪ್ಪದಿದ್ದರೆ ಮಗನಿಗೆ ಬೇರೆ ಗುರುಗಳನ್ನು ಹುಡುಕಿ, ಮಗಳು ಅಲ್ಲಿಯೇ ಮುಂದುವರಿಯಲಿ. ಒಂದೇ ಮನೆಯ ಮಕ್ಕಳು ಒಂದೇ ಕಡೆ ಕಲಿಯಬೇಕೆಂಬ ನಿಯಮವಿಲ್ಲ.

ಮನೆಯಲ್ಲಿ ಇಬ್ಬರನ್ನೂ ಬೇರೆ ಬೇರೆ ಹೊತ್ತಿಗೆ ಕೂರಿಸಿ. ಅಕ್ಕನ ಪಕ್ಕದಲ್ಲಿ ಹಾಡುವಾಗ ಅವನು ತಂಬೂರಿಯನ್ನು ಕೇಳುತ್ತಿರುವುದಿಲ್ಲ, ಅಕ್ಕನನ್ನು ಕೇಳುತ್ತಿರುತ್ತಾನೆ. ಒಂದು ಗಂಟೆಯನ್ನು ನಲವತ್ತು ನಿಮಿಷಕ್ಕೆ ಇಳಿಸಿ. ಮೊದಲ ಹತ್ತು ನಿಮಿಷ ಬರೀ ಷಡ್ಜ, ಮೆಲ್ಲಗೆ, ಬಾಯಿ ಮುಚ್ಚಿ ಗುನುಗಿ ಆಮೇಲೆ ಆಕಾರದಲ್ಲಿ, ಅಂದರೆ "ಆ" ಎಂದು. ಅನಂತರ ಸಾ ರೇ ಗ, ಇವು ಮೂರೇ, ಇಡೀ ಸಪ್ತಕ ಓಡುವುದು ಬೇಡ. ಮೊಬೈಲಿನಲ್ಲಿ ಎರಡು ನಿಮಿಷ ಮುದ್ರಿಸಿ ಅವನೇ ಕೇಳಲಿ, ಎಲ್ಲಿ ತಪ್ಪಿತು ಎಂದು ಅವನೇ ಹೇಳಲಿ, ನೀವು ಹೇಳಬೇಡಿ. ಕೊನೆಗೆ ಅವನಿಗೆ ಇಷ್ಟವಾದದ್ದು, ವಚನವೋ ದಾಸರ ಪದವೋ ಸಿನಿಮಾ ಹಾಡೋ, ಯಾರ ತಿದ್ದುಪಡಿಯೂ ಇಲ್ಲದೆ ಹಾಡಲಿ. ಬಾಗಿಲು ಹಾಕಿಕೊಂಡರೆ ಹಾಕಿಕೊಳ್ಳಲಿ, ಅದನ್ನು ತೆರೆಸಲು ಹೋಗಬೇಡಿ.

ಮಗಳ ಬಗ್ಗೆಯೂ ಒಂದು ಮಾತು. ಅವಳಿಗೆ ಎಲ್ಲವೂ ಒಮ್ಮೆಗೇ ಬರುತ್ತದೆ ಎಂದಿರಿ. ಒಂದು ದಿನ ಬರದೇ ಇರುವುದೊಂದು ಎದುರಾಗುತ್ತದೆ, ಹೆಚ್ಚಾಗಿ ವಿಲಂಬಿತದ (ನಿಧಾನ ಲಯದ ಹಾಡುಗಾರಿಕೆಯ) ಹೊತ್ತಿಗೆ. ಹನ್ನೆರಡು ಮಾತ್ರೆಯ ಏಕತಾಲ ಎಳೆದು ಎಳೆದು ನಡೆಯುವಾಗ ಎರಡು ಮಾತ್ರೆಯ ನಡುವೆ ಏನು ಮಾಡಬೇಕೆಂದು ತಿಳಿಯದೆ ಒಳ್ಳೊಳ್ಳೆಯ ಮಕ್ಕಳು ಗಾಬರಿಯಾಗುತ್ತಾರೆ. ಬರದೇ ಇರುವುದರ ಮುಂದೆ ಕೂರುವ ಅಭ್ಯಾಸ ಅವರಿಗೆ ಆಗಿರುವುದಿಲ್ಲ. ಆಗ ಅವಳನ್ನು ತಮ್ಮನ ಪಕ್ಕದಲ್ಲಿ ಕೂರಿಸಿ, ಆ ವಿಷಯದಲ್ಲಿ ಅವನು ಅವಳಿಗಿಂತ ಮೂರು ವರ್ಷ ಹಿರಿಯ.

ಇನ್ನು ಒಂದೆರಡು ವರ್ಷದಲ್ಲಿ ಅವನ ಗಂಟಲು ಒಡೆಯುತ್ತದೆ. ಹನ್ನೆರಡು ಹದಿಮೂರಕ್ಕೆ ಶುರುವಾಗಿ ಹದಿನೈದರವರೆಗೂ ನಡೆಯಬಹುದು. ದನಿ ಹಾಡಿನ ನಡುವೆಯೇ ಮುರಿದು ಬೀಳುತ್ತದೆ, ಬೆಳಿಗ್ಗೆ ಇದ್ದ ಶ್ರುತಿ ಸಂಜೆಗೆ ಇರುವುದಿಲ್ಲ. ಎಷ್ಟೋ ಹುಡುಗರು ಸಂಗೀತ ಬಿಡುವುದು ಈ ಹೊತ್ತಿನಲ್ಲೇ, ಜನ ನಗುತ್ತಾರೆಂದು. ಆ ಕಾಲದಲ್ಲಿ ಮೇಲಿನ ಷಡ್ಜ ಮುಟ್ಟಿಸಬೇಡಿ, ಪರೀಕ್ಷೆಗೆ ಕಟ್ಟಿಸಬೇಡಿ, ಶ್ರುತಿ ತಿಂಗಳಿಗೊಮ್ಮೆ ಬದಲಾದರೆ ಬದಲಾಗಲಿ. ಕಡಿಮೆ ಹಾಡಲಿ, ಹೆಚ್ಚು ಕೇಳಲಿ. ನಿಮ್ಮ ಕೈಗೆ ಆದರೆ ಅಷ್ಟರೊಳಗೆ ಒಂದು ನಿಜವಾದ ತಂಬೂರಿ ತನ್ನಿ, ಹಳೆಯದಾದರೂ ಸರಿ. ಮೀರಜಿನಲ್ಲಿ ಮಾಡುವವರೂ ದುರಸ್ತಿ ಮಾಡುವವರೂ ಇದ್ದಾರೆ. ಹಾಡಲು ಆಗದ ದಿನಗಳಲ್ಲಿ ಅದನ್ನು ಅವನ ಮಡಿಲಿಗೆ ಕೊಟ್ಟು, ನಾಲ್ಕು ತಂತಿಯನ್ನು ಒಂದಕ್ಕೊಂದು ಕೂಡಿಸಲು ಬಿಡಿ. ಖರಜದೊಳಗಿನ ಗಂಧಾರ ಕೇಳಿಸಿದ ದಿನ ನನಗೆ ಒಂದು ಸಾಲು ಬರೆಯಲು ಹೇಳಿ.